ಸೋತ ಅಪ್ಪನ ಮಗ: ಲಿಂಡನ್ ಜಾನ್ಸನ್ ಕಥೆ

 

ಅಮೆರಿಕದ ಅಧ್ಯಕ್ಷರು ಅಂದ ಕೂಡಲೇ ನಮ್ಮ ಬಾಯಿಗೆ ಬರೋದು ಲಿಂಕನ್, ಕೆನಡಿ, ಒಬಾಮ. ಇವತ್ತು ನಾನು ಮಾತಾಡೋದು ಕೆನಡಿ ನಂತರ ಬಂದ 36ನೇ ಅಧ್ಯಕ್ಷ ಲಿಂಡನ್ ಜಾನ್ಸನ್ ಬಗ್ಗೆ. ನಮ್ಮಲ್ಲಿ ಈ ಹೆಸರು ನೆನಪಿರೋರು ಕಡಿಮೆ. ಆದರೆ ನಿಮ್ಮ ಅಣ್ಣನೋ ಅಕ್ಕನ ಮಗಳೋ ನ್ಯೂಜೆರ್ಸಿಯಲ್ಲಿದ್ದರೆ, ಆ ಬಾಗಿಲು ತೆರೆದ ಕಾನೂನಿಗೆ ಸಹಿ ಹಾಕಿದ್ದು ಇವರೇ. 1966ರಲ್ಲಿ ನಮ್ಮಮ್ಮ ಮಾಟುಂಗದ ರೇಷನ್ ಅಂಗಡಿ ಮುಂದೆ ಗೋಧಿಗೆ ಕ್ಯೂ ನಿಂತದ್ದಕ್ಕೂ ಇವರಿಗೂ ಸಂಬಂಧ ಇದೆ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಅವರ ಮನೆ ಕಥೆ ಕೇಳಿ.

ಟೆಕ್ಸಾಸ್ ರಾಜ್ಯದ ಮಧ್ಯದಲ್ಲಿ ಹಿಲ್ ಕಂಟ್ರಿ ಅಂತ ಒಂದು ಪ್ರದೇಶ ಇದೆ. ಮೇಲೆ ತೆಳು ಮಣ್ಣು, ಕೆಳಗೆ ಸುಣ್ಣದ ಕಲ್ಲು, ಮಳೆಯನ್ನು ನಂಬೋ ಹಾಗಿಲ್ಲ. ನಮ್ಮ ಬಯಲುಸೀಮೆ ರೈತನಿಗೆ ಹೇಳಿದರೆ ಥಟ್ಟಂತ ಅರ್ಥ ಆಗತ್ತೆ. ಅಲ್ಲಿ ಪೆಡರ್ನಾಲಿಸ್ ಹೊಳೆ ಪಕ್ಕದ ಮನೆಯಲ್ಲಿ 1908ರ ಆಗಸ್ಟ್ 27ರಂದು ಲಿಂಡನ್ ಹುಟ್ಟಿದ. ಐದು ಮಕ್ಕಳಲ್ಲಿ ಹಿರಿಯವ. ತಾಯಿ ರೆಬೆಕಾ ಬೇನ್ಸ್ ಕಾಲೇಜು ಓದಿದವರು. ಆ ಕಾಲದ ಹಳ್ಳಿಯಲ್ಲಿ ಅದು ಅಪರೂಪ. ತಂದೆ ಸ್ಯಾಮ್ ಜಾನ್ಸನ್ ರಾಜ್ಯ ಶಾಸನಸಭೆ ಸದಸ್ಯರು, ಅಂದರೆ ನಮ್ಮ ಲೆಕ್ಕದಲ್ಲಿ ಎಂಎಲ್‌ಎ. ಕರಿಯರನ್ನು ಹೆದರಿಸಿ ಬಡಿಯುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಗುಂಪಿನ ವಿರುದ್ಧ ಬಹಿರಂಗವಾಗಿ ಮಾತಾಡಿದ ಮನುಷ್ಯ. ಹುಡುಗ ಅಪ್ಪನ ಜೊತೆ ಪ್ರಚಾರಕ್ಕೆ ಹೋಗ್ತಿದ್ದ, ಅಪ್ಪನ ಹಾಗೇ ನಡೀತಿದ್ದ, ಅಪ್ಪನ ಹಾಗೇ ಎದುರಿನವರ ಮುಖಕ್ಕೆ ಮುಖ ತಂದು ಮಾತಾಡ್ತಿದ್ದ.

ಮೊದಲ ಮಹಾಯುದ್ಧದ ಹೊತ್ತಿಗೆ ಹತ್ತಿಗೆ ಚಿನ್ನದ ಬೆಲೆ. ಸ್ಯಾಮ್ ಸಾಲ ಮಾಡಿ ಹಿರಿಯರ ಜಮೀನು ಕೊಂಡುಕೊಂಡರು. 1920ರಲ್ಲಿ ಹತ್ತಿ ಬೆಲೆ ಕುಸಿಯಿತು. ಎರಡೇ ವರ್ಷದಲ್ಲಿ ಜಮೀನು ಕೈಬಿಟ್ಟು ಹೋಯಿತು, ಸಾಲ ಉಳಿಯಿತು. ಅವರಿದ್ದ ಊರಿನ ಹೆಸರೇ ಜಾನ್ಸನ್ ಸಿಟಿ, ಅವರ ಕುಟುಂಬದವರ ಹೆಸರಿನಲ್ಲಿ ಆದ ಊರು. ಆ ಊರಿನಲ್ಲೇ ಜನ ಅವರನ್ನು ನೋಡಿ ನಗೋ ಹಾಗಾಯಿತು. ಕೊನೆಗೆ ಶಾಸಕರಾಗಿದ್ದ ಮನುಷ್ಯ ರಸ್ತೆ ಕೆಲಸದ ಮೇಲೆ ದುಡಿಯಬೇಕಾಯಿತು.

ಇಲ್ಲಿ ಒಂದು ನಿಮಿಷ ನನ್ನ ಮನೆ ಮಾತು. ನಮ್ಮಪ್ಪ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದು, ಪಾಲುದಾರರ ಜೊತೆ ಒಂದು ಸಣ್ಣ ಹೋಟೆಲ್ ನಡೆಸ್ತಾ ಇದ್ದರು. 1969ರಲ್ಲಿ ಅದು ಮುಳುಗಿತು. ಗಲ್ಲದ ಮೇಲೆ ಕೂತಿದ್ದ ಅಪ್ಪ ಇನ್ನೊಬ್ಬರ ಹೋಟೆಲ್‌ನಲ್ಲಿ ಬಿಲ್ ಬರೆಯೋ ಕೆಲಸಕ್ಕೆ ಹೋದರು. "ಏನು ಭಟ್ರೇ" ಅಂತ ರಸ್ತೆ ದಾಟಿ ಬಂದು ಮಾತಾಡಿಸ್ತಿದ್ದವರು ಆಚೆ ಫುಟ್‌ಪಾತ್‌ಗೆ ಹೋಗೋಕೆ ಶುರು ಮಾಡಿದರು. ನನಗಾಗ ಹನ್ನೆರಡು ವರ್ಷ. ಅದಕ್ಕೇ ಜಾನ್ಸನ್ ಕಥೆ ಓದುವಾಗ ಈ ಪುಟದಲ್ಲಿ ನಾನು ತುಂಬಾ ಹೊತ್ತು ನಿಂತುಬಿಟ್ಟೆ.

ಲಿಂಡನ್ ಹೈಸ್ಕೂಲ್ ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಹೋದ, ಚಿಲ್ಲರೆ ಕೆಲಸ ಮಾಡಿದ, ವಾಪಸ್ ಬಂದು ಅವನೂ ರಸ್ತೆ ಕೆಲಸ ಮಾಡಿದ. ಆಮೇಲೆ ಸ್ಯಾನ್ ಮಾರ್ಕೋಸ್‌ನಲ್ಲಿ ಟೀಚರ್ಸ್ ಕಾಲೇಜಿಗೆ ಸೇರಿದ. ಫೀಸಿಗೆ ದುಡ್ಡು ಸಾಲದೆ, 1928ರಲ್ಲಿ ಓದು ನಿಲ್ಲಿಸಿ, ಮೆಕ್ಸಿಕೋ ಗಡಿ ಹತ್ತಿರದ ಕಟುಲಾ ಅನ್ನೋ ಊರಿಗೆ ಮೇಷ್ಟ್ರಾಗಿ ಹೋದ. ಅಲ್ಲಿ ಮೆಕ್ಸಿಕನ್ ಕೂಲಿಗಳ ಮಕ್ಕಳಿಗೇ ಬೇರೆ ಶಾಲೆ. ಮಕ್ಕಳು ಎಷ್ಟೋ ದಿನ ಬೆಳಗ್ಗೆ ತಿಂಡಿ ತಿನ್ನದೇ ಬರ್ತಿದ್ದವು. ಆಗ ಮೇಷ್ಟ್ರ ವಯಸ್ಸು ಇಪ್ಪತ್ತು.

1937ರಲ್ಲಿ, 28ನೇ ವಯಸ್ಸಿಗೆ, ಅವರು ಕಾಂಗ್ರೆಸ್‌ಗೆ ಆರಿಸಿ ಬಂದರು. ಇದು ನಮ್ಮ ಕಾಂಗ್ರೆಸ್ ಅಲ್ಲ, ಅಮೆರಿಕದ ಸಂಸತ್ತು. ಅದೇ ವರ್ಷ ಅಪ್ಪ ತೀರಿಕೊಂಡರು. ಮಗ ಅಧ್ಯಕ್ಷನಾಗೋದು ಬಿಡಿ, ಸಂಸದನಾಗಿ ಎರಡನೇ ವರ್ಷ ಕಳೆಯೋದನ್ನೂ ಅವರು ನೋಡಲಿಲ್ಲ. ಹಿಲ್ ಕಂಟ್ರಿಯಲ್ಲಿ ಆಗ ಕರೆಂಟಿಲ್ಲ. ಹೆಂಗಸರು ಬಾವಿಯಿಂದ ನೀರು ಸೇದಿ ಸೇದಿ ಬೆನ್ನು ಬಾಗಿಸಿಕೊಂಡಿದ್ದರು. ಜಾನ್ಸನ್ ವಾಷಿಂಗ್ಟನ್ನಿನಲ್ಲಿ ಬೆನ್ನುಬಿದ್ದು, ರೈತರ ಸಹಕಾರ ಸಂಘದ ಮೂಲಕ ಅಲ್ಲಿಗೆ ವಿದ್ಯುತ್ ತರಿಸಿದರು.

ಹಾಗಂತ ಇವರು ಸಂತ ಅಲ್ಲ. 1941ರ ಸೆನೆಟ್ ಚುನಾವಣೆಯಲ್ಲಿ 1,311 ಮತದಿಂದ ಸೋತರು. 1948ರಲ್ಲಿ ಮತ್ತೆ ನಿಂತರು. ಟೆಕ್ಸಾಸ್‌ನಲ್ಲಿ ಆಗ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಸಿಕ್ಕರೆ ಗೆದ್ದ ಹಾಗೇ. ಆ ಟಿಕೆಟ್‌ಗಾಗಿ ನಡೆದ ಚುನಾವಣೆಯಲ್ಲಿ ಹತ್ತಿರ ಹತ್ತಿರ 10 ಲಕ್ಷ ಮತ ಬಿದ್ದವು. ಜಾನ್ಸನ್ ಗೆದ್ದದ್ದು ಬರೀ 87 ಮತದಿಂದ. ಮತದಾನ ಆಗಿ ಆರು ದಿನದ ಮೇಲೆ 13ನೇ ನಂಬರಿನ ಪೆಟ್ಟಿಗೆಯಿಂದ ಸುಮಾರು 200 ಹೊಸ ಮತ ಹೊರಬಂದಿದ್ದವು. ಆ ಮತದಾರರ ಹೆಸರೆಲ್ಲ ಅಕ್ಷರಮಾಲೆ ಕ್ರಮದಲ್ಲಿ, ಒಂದೇ ಕೈಬರಹದಲ್ಲಿ! ಸೋಲೋದು ಅಂದರೆ ಅಪ್ಪನ ಗತಿ ಅಂತ ಮನಸ್ಸಲ್ಲಿ ಕೂತವರು ಗೆಲ್ಲೋಕೆ ಎಲ್ಲಿಯವರೆಗೂ ಹೋಗ್ತಾರೆ ನೋಡಿ. ಅಷ್ಟೇ ಅಲ್ಲ, ಸುಮಾರು ಇಪ್ಪತ್ತು ವರ್ಷ ಕರಿಯರ ಹಕ್ಕಿನ ಮಸೂದೆ ಬಂದಾಗಲೆಲ್ಲ ಅವರು ವಿರುದ್ಧವೇ ಮತ ಹಾಕಿದ್ದರು. ಟೆಕ್ಸಾಸ್‌ನಲ್ಲಿ ಗೆಲ್ಲಬೇಕಲ್ಲ.

1963ರ ನವೆಂಬರ್ 22ರಂದು ಕೆನಡಿ ಹತ್ಯೆಯಾಯಿತು. ಉಪಾಧ್ಯಕ್ಷರಾಗಿದ್ದ ಜಾನ್ಸನ್ ವಿಮಾನದೊಳಗೇ ಪ್ರಮಾಣವಚನ ತೆಗೆದುಕೊಂಡರು. ಆಮೇಲೆ ನೋಡಿ, ಕಟುಲಾದ ಮೇಷ್ಟ್ರು ಎದ್ದು ಬಂದರು. 1964ರ ಜುಲೈ 2ಕ್ಕೆ ನಾಗರಿಕ ಹಕ್ಕುಗಳ ಕಾಯ್ದೆ. ಹೋಟೆಲ್, ಥಿಯೇಟರ್, ಕೆಲಸ, ಎಲ್ಲೂ ಬಣ್ಣ ನೋಡಿ ಆಚೆ ಕಳಿಸೋ ಹಾಗಿಲ್ಲ ಅಂತ. ಅದನ್ನು ಸೆನೆಟ್‌ನಲ್ಲಿ ವಿರೋಧಿಸಿದವರ ನಾಯಕ ರಿಚರ್ಡ್ ರಸೆಲ್, ಜಾನ್ಸನ್‌ರ ರಾಜಕೀಯ ಗುರು. ಗುರುವನ್ನೇ ಎದುರು ಹಾಕಿಕೊಂಡರು. 1965ರಲ್ಲಿ ಮತದಾನ ಹಕ್ಕಿನ ಕಾಯ್ದೆ, ವಯಸ್ಸಾದವರಿಗೆ ಮೆಡಿಕೇರ್. ಬಡಮಕ್ಕಳ ಶಾಲೆಗಳಿಗೆ ಹಣ ಕೊಡೋ ಕಾನೂನಿಗೆ ಸಹಿ ಹಾಕೋಕೆ, ತಾವು ಚಿಕ್ಕವರಿದ್ದಾಗ ಅಕ್ಷರ ಕಲಿತ ಒಂದು ಕೋಣೆಯ ಶಾಲೆಗೇ ಹೋದರು. ಪಕ್ಕದಲ್ಲಿ ಅವರ ಮೊದಲ ಟೀಚರ್ ಕೂತಿದ್ದರು.

ಈಗ ನಮ್ಮ ವಿಷಯ. ಅದಕ್ಕೂ ಮೊದಲು ಅಮೆರಿಕದಲ್ಲಿ ನೆಲೆಸೋಕೆ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100 ಜನ. ಇಡೀ ದೇಶಕ್ಕೆ! 1965ರ ಅಕ್ಟೋಬರ್ 3ರಂದು, ಸ್ವಾತಂತ್ರ್ಯ ದೇವಿಯ ಪ್ರತಿಮೆ ಕೆಳಗೆ ಕೂತು ಜಾನ್ಸನ್ ಸಹಿ ಹಾಕಿದ ಕಾನೂನು ಹುಟ್ಟಿದ ದೇಶ ನೋಡಿ ಕೋಟಾ ಹಂಚೋ ಹಳೆ ಪದ್ಧತಿಯನ್ನು ತೆಗೆದುಹಾಕಿತು. ನಮ್ಮ ಡಾಕ್ಟರು, ಎಂಜಿನಿಯರುಗಳು ಹೋಗಿದ್ದು ಆ ದಾರಿಯಲ್ಲೇ.

ಅದೇ ಕೈ ನಮ್ಮ ಗೋಧಿಯನ್ನೂ ಹಿಡಿದಿತ್ತು. 1965, 66, ಎರಡು ವರ್ಷ ಬರ. ಶಾಸ್ತ್ರೀಜಿ ವಾರಕ್ಕೊಂದು ಹೊತ್ತು ಊಟ ಬಿಡಿ ಅಂದಾಗ ಅಪ್ಪನೂ ಸೋಮವಾರ ಸಂಜೆ ಹೋಟೆಲ್ ಶಟರ್ ಎಳೀತಿದ್ದರು. ಪಿಎಲ್-480 ಯೋಜನೆಯ ಗೋಧಿಯನ್ನು ಜಾನ್ಸನ್ ವರ್ಷದ ಲೆಕ್ಕದಲ್ಲಿ ಕೊಡಲಿಲ್ಲ, ಹಡಗು ಹಡಗು ಲೆಕ್ಕ ಹಾಕಿ ಬಿಟ್ಟರು. ನೀವು ನಿಮ್ಮ ಕೃಷಿ ಸುಧಾರಿಸಿಕೊಳ್ಳಿ ಅನ್ನೋದು ಒಂದು ಕಾರಣ. ವಿಯೆಟ್ನಾಂ ವಿಷಯದಲ್ಲಿ ಭಾರತ ಟೀಕಿಸಿದ್ದು ಅವರಿಗೆ ಸಿಟ್ಟು ತರಿಸಿದ್ದು ಇನ್ನೊಂದು. ಅನ್ನ ಉಣ್ಣೋ ನಮ್ಮ ಮನೆಯಲ್ಲಿ ಅಮ್ಮ ಆ ಗೋಧಿ ಬೀಸಿಸಿ ದೋಸೆ ಹುಯ್ತಿದ್ದರು. ಹಸಿದ ಮಕ್ಕಳನ್ನು ನೋಡಿದ ಮೇಷ್ಟ್ರೇ ಹಸಿದ ದೇಶವನ್ನು ಹೀಗೆ ಕಾಯಿಸಿದರು. ಎರಡೂ ಒಬ್ಬನೇ ಮನುಷ್ಯ.

ಇನ್ನು ವಿಯೆಟ್ನಾಂ. 1964ರ ಮೇ ತಿಂಗಳಲ್ಲಿ ಜಾನ್ಸನ್ ಫೋನಿನಲ್ಲಿ ಆಡಿದ ಮಾತಿನ ಧ್ವನಿಮುದ್ರಣ ಎಷ್ಟೋ ವರ್ಷದ ಮೇಲೆ ಹೊರಗೆ ಬಂತು. ಈ ಯುದ್ಧ ಮಾಡೋಷ್ಟು ಬೆಲೆ ಅದಕ್ಕಿಲ್ಲ, ಆದರೆ ಹೊರಗೆ ಬರೋ ದಾರಿಯೂ ಕಾಣ್ತಿಲ್ಲ ಅಂತ ಅವರೇ ಹೇಳ್ತಾರೆ. ಗೊತ್ತಿತ್ತು! ಆದರೂ 1968ರ ಹೊತ್ತಿಗೆ 5 ಲಕ್ಷಕ್ಕೂ ಹೆಚ್ಚು ಸೈನಿಕರು ಅಲ್ಲಿದ್ದರು. ಒಟ್ಟು ಯುದ್ಧದಲ್ಲಿ ಸತ್ತ ಅಮೆರಿಕನ್ನರು 58,000ಕ್ಕೂ ಮೇಲೆ. ವಿಯೆಟ್ನಾಮಿನ ಜನರ ಲೆಕ್ಕ ಲಕ್ಷಗಳಲ್ಲಿ. ಕಮ್ಯುನಿಸಂ ಭಯ, ಕೆನಡಿ ಬಿಟ್ಟುಹೋದ ಸಲಹೆಗಾರರು, ಎದುರಾಳಿ ಪಕ್ಷ, ಕಾರಣ ಬಹಳ ಇವೆ. ಆದರೆ ಯುದ್ಧ ಸೋತ ಮೊದಲ ಅಧ್ಯಕ್ಷ ಅನ್ನಿಸಿಕೊಳ್ಳೋಕೆ ಅವರಿಗೆ ಆಗಲೇ ಇಲ್ಲ. ನನಗೆ ಅಲ್ಲಿ ಕಾಣೋದು ಜಾನ್ಸನ್ ಸಿಟಿಯ ಆ ಹುಡುಗ.

ಯಾಕೆ ಹೀಗೆ ಹೇಳ್ತೀನಿ ಅಂದರೆ, ನಾನೂ ಠಾಣೆಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದೆ. ಆರು ವರ್ಷ ನಷ್ಟದಲ್ಲೇ ಎಳೆದೆ. ಹೆಂಡತಿ ದಿನಾ, "ಮುಚ್ಚಿಬಿಡಿ, ಏನಾಗತ್ತೆ" ಅಂತಿದ್ದಳು. ಲೆಕ್ಕ ನನಗೂ ಗೊತ್ತಿತ್ತು. ಆದರೆ ಶಟರ್ ಎಳೆದ ಮಾರನೇ ದಿನ ಜನ ಆಚೆ ಫುಟ್‌ಪಾತ್‌ಗೆ ಹೋಗೋದೇ ಕಣ್ಣಿಗೆ ಕಟ್ತಿತ್ತು. ಅವಳ ಬಳೆ ಅಡವಿಟ್ಟು ಇನ್ನೂ ಒಂದು ವರ್ಷ ನಡೆಸಿದೆ. ನನ್ನ ಸೋಲಿನ ಭಯಕ್ಕೆ ಬೆಲೆ ಕೊಟ್ಟವಳು ಅವಳು. ಅಧ್ಯಕ್ಷರ ಭಯಕ್ಕೆ ಬೆಲೆ ಕೊಟ್ಟದ್ದು ಊರೂರಿನ ಮಕ್ಕಳು.

1968ರ ಮಾರ್ಚ್ 31ರಂದು ಜಾನ್ಸನ್ ಟಿವಿಯಲ್ಲಿ ಬಂದು, ನಾನು ಮತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲೋದಿಲ್ಲ ಅಂತ ಹೇಳಿದರು. ನಾಲ್ಕು ವರ್ಷದ ಹಿಂದೆ ಶೇ. 61 ಮತ ಪಡೆದು ಗೆದ್ದಿದ್ದ ಮನುಷ್ಯ. ಪೆಡರ್ನಾಲಿಸ್ ಹೊಳೆ ಪಕ್ಕದ ತಮ್ಮ ತೋಟದ ಮನೆಗೆ ವಾಪಸ್ ಹೋದರು. 1973ರ ಜನವರಿ 22ರಂದು, 64ನೇ ವಯಸ್ಸಿಗೆ, ಅಲ್ಲೇ ತೀರಿಕೊಂಡರು. ವಿಯೆಟ್ನಾಂ ಶಾಂತಿ ಒಪ್ಪಂದದ ಘೋಷಣೆ ಆಗಿದ್ದು ಮಾರನೇ ದಿನ.

ಅಪ್ಪ ಸೋತದ್ದರಿಂದ ಬಡವರ ಹಸಿವು ಅವರಿಗೆ ಅರ್ಥ ಆಯಿತು. ಅಪ್ಪ ಸೋತದ್ದರಿಂದಲೇ ಸೋಲನ್ನು ಒಪ್ಪಿಕೊಳ್ಳೋದು ಅವರಿಂದ ಆಗಲಿಲ್ಲ. ನಮ್ಮಪ್ಪ ಹೋಟೆಲ್ ಮುಚ್ಚಿದ ಮೇಲೂ ಹದಿನೆಂಟು ವರ್ಷ ಇನ್ನೊಬ್ಬರ ಗಲ್ಲದ ಪಕ್ಕ ಬಿಲ್ ಬರೆದರು, ನಮ್ಮನ್ನು ಓದಿಸಿದರು, ಒಂದು ದಿನವೂ ತಲೆ ತಗ್ಗಿಸಿ ಮನೆಗೆ ಬರಲಿಲ್ಲ. ಅದನ್ನು ಸೋಲು ಅಂತ ಹೆಸರಿಟ್ಟವನು ನಾನೇ, ಅವರಲ್ಲ. ಇದು ನನಗೆ ಪ್ರೆಸ್ ಮುಚ್ಚಿದ ಮೇಲೆ ಹೊಳೆಯಿತು.

ನಿಮ್ಮ ಮನೆಯಲ್ಲೂ ಇಂಥ ಕಥೆ ಇದ್ದರೆ ಬರೆದು ತಿಳಿಸಿ. ಮುಂದಿನ ವಾರ ಮತ್ತೆ ಸಿಗೋಣ.