ಮಾಯದ ಗಾಯಕ್ಕೊಂದು ಅಳತೆ ಪುಸ್ತಕ
(ಮಾಸಿಕ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

ನಾನು ವೈದ್ಯನಲ್ಲ; ಕಾಲುವೆ, ಸೇತುವೆಗಳ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರ್. ಆದರೂ ಗಾಯದ ಬಗ್ಗೆ ಮಾತಾಡಲು ನಿಂತಿದ್ದೇನೆ. ಕಾರಣ, ನಮ್ಮ ಅಣ್ಣನವರು ಅಂಗಾಲಿನ ಒಂದು ಹುಣ್ಣಿನಿಂದ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡರು. ಅವರಿಗೆ ಸಕ್ಕರೆ ಕಾಯಿಲೆ. ಚಪ್ಪಲಿಯ ಮೊಳೆ ಚುಚ್ಚಿದ್ದು ಎರಡು ದಿನ ಗೊತ್ತೇ ಆಗಲಿಲ್ಲ. ಏಳು ತಿಂಗಳಲ್ಲಿ ನಾಲ್ಕು ಕಡೆ ತೋರಿಸಿದೆವು. ಒಬ್ಬರು ಪಟ್ಟಿ ಕಟ್ಟಿದರು, ಒಬ್ಬರು ಮಾತ್ರೆ ಬದಲಿಸಿದರು, ಒಬ್ಬರು ಸಕ್ಕರೆ ನೋಡಿದರು. ಹಿಂದಿನವರ ಚೀಟಿಗಳು ನಮ್ಮ ಕೈಚೀಲದಲ್ಲೇ ಇದ್ದವು. ಅವರೂ ಕೇಳಲಿಲ್ಲ, ನಾವೂ ತೋರಿಸಲಿಲ್ಲ.

ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕದಲ್ಲಿ ಬರೆಯದೆ ಒಂದು ಗುಂಡಿ ತೋಡಿದ ಬಿಲ್ಲೂ ಪಾಸಾಗದು. ಅಣ್ಣನ ಕಾಲಿಗೆ ಮಾತ್ರ ಅಳತೆ ಪುಸ್ತಕ ಇರಲಿಲ್ಲ. ಬರೆಯಬಲ್ಲವನು ಮನೆಯಲ್ಲೇ ಇದ್ದೆ.

ಕಾಲುವೆ ಸೋರಿದರೆ ಮೇಲೆ ಸಿಮೆಂಟ್ ಬಳಿದು ಪ್ರಯೋಜನವಿಲ್ಲ, ಒಳಗಿನ ಕಾರಣ ಹುಡುಕಬೇಕು. ಇಂಥ ಹುಣ್ಣಿಗೂ ಹಾಗೆಯೇ: ನರ ಸತ್ತು ನೋವು ತಿಳಿಯದಿರುವುದು, ರಕ್ತ ಸರಿಯಾಗಿ ಹರಿಯದಿರುವುದು, ಅದೇ ಜಾಗದ ಮೇಲೆ ಭಾರ ಬೀಳುತ್ತಲೇ ಇರುವುದು, ಸೋಂಕು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಪಾದಗಳನ್ನು ನೋಡಿ, ಹುಣ್ಣಿಗೆ ಮುಖ್ಯ ಕಾರಣ ನೋವಿನ ಅರಿವು ಹೋಗಿರುವುದೇ ಎಂದು ತೋರಿಸಿಕೊಟ್ಟರು. ವೈದ್ಯರೂ ಪಾದರಕ್ಷೆ ಮಾಡುವವರೂ ಕೂಡಿ ಮೆತ್ತನೆಯ ರಬ್ಬರಿನ ಚಪ್ಪಲಿ ರೂಪಿಸಿದರು. ಸರ್ಜನ್‌ರ ಕಾಯಕದಷ್ಟೇ ಮೆಟ್ಟು ಹೊಲಿಯುವವರ ಕಾಯಕವೂ ಕಾಲು ಉಳಿಸಿತು. ಆ ಅರಿವೇ ಇಂದು ಸಕ್ಕರೆ ಕಾಯಿಲೆಯವರಿಗೂ ದಾರಿಯಾಗಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಅಂಥವರು 10 ಕೋಟಿಗೂ ಹೆಚ್ಚು.

ಈಗ ಕೈಯಲ್ಲಿರುವ ಮೊಬೈಲನ್ನೇ ಅಳತೆ ಪುಸ್ತಕ ಮಾಡಿಕೊಳ್ಳಿ. ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ, ಅಷ್ಟೇ ದೂರದಿಂದ, ಗಾಯದ ಪಕ್ಕ ಸ್ಕೇಲ್ ಹಿಡಿದು ಫೋಟೋ ತೆಗೆಯಿರಿ. ದಿನಾಂಕ, ಸಕ್ಕರೆ ಪ್ರಮಾಣ, ಕೊಟ್ಟ ಔಷಧ ಬರೆದಿಡಿ. ಸರಿಯಾದ ಚಿಕಿತ್ಸೆ ನಡೆದೂ ನಾಲ್ಕು ವಾರದಲ್ಲಿ ಗಾಯದ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ, ಚಿಕಿತ್ಸೆಯನ್ನೇ ಮರುಪರಿಶೀಲಿಸುವಂತೆ ವೈದ್ಯರನ್ನು ಕೇಳಿ. ಇ-ಸಂಜೀವಿನಿ ಮೂಲಕ ಹಳ್ಳಿಯ ಆರೋಗ್ಯ ಕೇಂದ್ರದಿಂದಲೇ ತಜ್ಞರ ಸಲಹೆ ಪಡೆಯಬಹುದು. 14 ಅಂಕಿಯ ಆಭಾ ಸಂಖ್ಯೆಗೆ ದಾಖಲೆ ಜೋಡಿಸಿದರೆ, ನಿಮ್ಮ ಒಪ್ಪಿಗೆಯಿಂದ ಮುಂದಿನ ವೈದ್ಯರೂ ಅದನ್ನು ನೋಡಬಹುದು.

ಆದರೆ ಫೋಟೋ ನಾಡಿ ಹಿಡಿಯದು, ವಾಸನೆ ತಿಳಿಸದು, ಆಳ ತೋರಿಸದು. ಕೆಂಪು ಹರಡಿದರೆ, ಜ್ವರ ಬಂದರೆ, ಚರ್ಮ ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಮಠದ ಹಿರಿಯರಲ್ಲಿ ಒಂದು ಬಿನ್ನಹ. ಬಿಸಿಲಿಗೆ ಕಾದ ಅಂಗಳದ ಕಲ್ಲಿನ ಮೇಲೆ, ಸ್ಪರ್ಶವೇ ತಿಳಿಯದ ಪಾದಗಳು ಬರಿಗಾಲಲ್ಲಿ ನಡೆಯುತ್ತವೆ. ಚಾಪೆ ಹಾಸೋಣ. ಅಂಥವರಿಗೆ ಮೆತ್ತನೆಯ ಪಾದರಕ್ಷೆ ತೊಟ್ಟೇ ಒಳಗೆ ಬರಲು ಅವಕಾಶ ಕೊಡೋಣ. ದಾಸೋಹದ ದಿನ ಆಶಾ ಕಾರ್ಯಕರ್ತೆಯರನ್ನೂ ನರ್ಸನ್ನೂ ಕರೆಸಿ ಪಾದ ಪರೀಕ್ಷೆ ಮಾಡಿಸೋಣ. ಫೋಟೋ ತೆಗೆಯುವ, ದಾಖಲೆ ಜೋಡಿಸುವ ಕೆಲಸ ನಮ್ಮ ಯುವಕ ಯುವತಿಯರಿಗೆ ಬಿಡೋಣ.

ಅಣ್ಣನವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರ ಅಪ್ಪಣೆ ಪಡೆದೇ ಇಷ್ಟು ಹೇಳಿದೆ. ಇಂದು ಮನೆಗೆ ಹೋದ ಮೇಲೆ ನಿಮ್ಮ ಹಿರಿಯರ ಅಂಗಾಲನ್ನು ಒಮ್ಮೆ ನೋಡಿ.