ಮಗಳ ಮೂಗು ಮತ್ತು ನಮ್ಮ ನೋಟ

(ಜುಮಾ ಖುತ್ಬಾದ ಸಾರಾಂಶ)



ಇತ್ತೀಚೆಗೆ ತಂದೆಯೊಬ್ಬರು ಬಂದು ಕೇಳಿದರು: "ಮೂಗು ದಪ್ಪವೆಂದು ಮಗಳಿಗೆ ಎರಡು ಸಂಬಂಧ ತಪ್ಪಿತು. ಆಪರೇಷನ್ ಮಾಡಿಸಬಹುದೇ?"

ಅರ್ಫಜ(ರ) ಎಂಬ ಸಹಾಬಿ ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ಹಾಕಿಸಿದರೆ ಅದು ದುರ್ವಾಸನೆ ಬೀರಿತು. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಪ್ರವಾದಿ(ಸ) ಅವರಿಗೆ ಚಿನ್ನದ ಮೂಗು ಹಾಕಿಸಲು ಹೇಳಿದರು. ಆದ್ದರಿಂದ ಸುಟ್ಟಗಾಯ, ಸೀಳುತುಟಿ, ಅಪಘಾತದ ಗಾಯಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಲು ಹಿಂಜರಿಯಬೇಡಿ. ಅದು ಚಿಕಿತ್ಸೆ. ಆದರೆ ಬರೀ ಚಂದಕ್ಕಾಗಿ ಹಲ್ಲುಗಳ ನಡುವೆ ಸಂದು ಮಾಡಿಸುವುದನ್ನೂ ಪ್ರವಾದಿ(ಸ) ಕಟುವಾಗಿ ಖಂಡಿಸಿದ್ದಾರೆ. ಆರೋಗ್ಯವಂತ ಮೂಗನ್ನು ಕೊಯ್ಯಿಸುವುದು ಇದೇ ಸಾಲಿಗೆ ಸೇರುತ್ತದೆ.

ಹಾಗಾದರೆ ತಪ್ಪು ಆ ಹುಡುಗಿಯದೇ? ಝಾಹಿರ್(ರ) ಎಂಬ ಹಳ್ಳಿಗರು ನೋಡಲು ಚಂದವಿರಲಿಲ್ಲ. ಪೇಟೆಯಲ್ಲಿ ಪ್ರವಾದಿ(ಸ) ಅವರನ್ನು ಹಿಂದಿನಿಂದ ಅಪ್ಪಿ ಹಿಡಿದು, ಈ ಗುಲಾಮನನ್ನು ಯಾರು ಕೊಳ್ಳುತ್ತೀರೆಂದು ತಮಾಷೆ ಮಾಡಿದರು. ತನಗೆ ಬೆಲೆಯೇ ಬರದೆಂದರು ಝಾಹಿರ್. ಅಲ್ಲಾಹನ ಬಳಿ ಅವರ ಬೆಲೆ ದೊಡ್ಡದೆಂದು ಪ್ರವಾದಿ(ಸ) ತಿಳಿಸಿದರು. ನಾವು ಯಾರನ್ನಾದರೂ ಹೀಗೆ ಅಪ್ಪಿಕೊಂಡಿದ್ದೇವೆಯೇ?

2020ರಲ್ಲಿ ನಮ್ಮ ದೇಶದ ಹೆಸರಾಂತ ಕ್ರೀಮೊಂದು ತನ್ನ ಹೆಸರಿನಿಂದ 'ಫೇರ್' ಪದವನ್ನು ಕೈಬಿಟ್ಟಿತು. ಹೆಣ್ಣು ನೋಡಲು ಹೋಗುವ ನಾವು ಬಿಟ್ಟೆವೇ? ಚಹಾ ಕುಡಿದು, ಬಣ್ಣ ನೋಡಿ, ಮೂಗು ಅಳೆದು, ಆಮೇಲೆ ತಿಳಿಸುತ್ತೇವೆಂದು ಎದ್ದು ಬಂದವರು ಹೊರಗಿನವರಲ್ಲ, ಇದೇ ಸಫ್‌ನಲ್ಲಿ ನಿಲ್ಲುವವರು.

ಆ ಹುಡುಗಿಯ ಮೂಗಿಗೆ ರೋಗವಿಲ್ಲ. ರೋಗವಿರುವುದು ನಮ್ಮ ನೋಟಕ್ಕೆ. ಗಂಡುಮಕ್ಕಳ ತಂದೆಯಂದಿರೇ, ಇಂದು ಮನೆಗೆ ಹೋಗಿ ತಾಯಂದಿರ ಬಳಿಯೂ ಈ ಮಾತಾಡಿ. ಅಲ್ಲಾಹನು ನಮ್ಮ ನೋಟವನ್ನು ಸರಿಪಡಿಸಲಿ. ಆಮೀನ್.