ಕಂದಾಯವೂ ಲೆಕ್ಕವೂ
(ರಾಜಾಜಿನಗರದ ಸಭೆಯಲ್ಲಿ ಮಾಡಿದ ಭಾಷಣ)



ಚರಂಡಿ, ಬೀದಿದೀಪ, ಕಸ ಸಾಗಣೆ ಯಾವುದೂ ಪುಕ್ಕಟೆ ನಡೆಯದು. ಕಂದಾಯ ಕೊಡಬೇಡಿರೆಂದು ನಾವು ಹೇಳುವುದಿಲ್ಲ. ಆದರೆ 2025ರ ಏಪ್ರಿಲಿನಲ್ಲಿ ಬೆಂಗಳೂರಿನ ಮನೆಗಳ ಆಸ್ತಿ ತೆರಿಗೆಯೊಡನೆ ಸೇರಿಸಿದ ಕಸದ ಶುಲ್ಕವನ್ನು ನೋಡಿ. 600 ಚದರಡಿಯೊಳಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4000 ಚದರಡಿ ಮೀರಿದ ಬಂಗಲೆಗೆ 400. ಉಳ್ಳವರಿಗೆ ಹೆಚ್ಚೆಂಬ ಕ್ರಮ ನ್ಯಾಯವೇ. (ಬಂಗಲೆ ಅದಕ್ಕೂ ಎಷ್ಟು ಬೆಳೆದರೂ 400ರಲ್ಲೇ ನಿಂತಿತಲ್ಲ, ಅದೊಂದು ಸೋಜಿಗ!)

ಇದನ್ನು ವಿಧಿಸಿದಾಗ ನಮ್ಮ ಪರವಾಗಿ ಪ್ರಶ್ನಿಸಲು ಯಾರಿದ್ದರು? ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಹೊಸ ಚುನಾವಣೆಯಾಗದೆ ಅಧಿಕಾರಿಗಳೇ ಆಡಳಿತ ನಡೆಸುತ್ತಿದ್ದರು. ಪಾಳಿ ಮುಗಿಸಿ ಬಂದ ಕಾರ್ಮಿಕ, ಅಂಗಡಿ ಮುಚ್ಚಿ ಬಂದ ವ್ಯಾಪಾರಿ ಯಾರ ಬಾಗಿಲು ತಟ್ಟಬೇಕಿತ್ತು?

ಹೆಚ್ಚು ಕೊಡಲು ನಾವು ಸಿದ್ಧ. ವಾರ್ಡಿನಿಂದ ಎಷ್ಟು ಸಂದಾಯವಾಯಿತು, ನಮ್ಮ ಚರಂಡಿಗೆ ಎಷ್ಟು ಬಂತು ಎಂಬುದನ್ನು ನಾವು ಆರಿಸಿದ ಸದಸ್ಯರು ವಾರ್ಡಿನ ಸಭೆಯಲ್ಲಿ ಓದಿ ಹೇಳಲಿ.